ಕ್ರಿಸ್‌ಮಸ್ ಗಿಡಕ್ಕೆ ತಿನ್ನುವ ಅಲಂಕಾರ: ಮೆತ್ತಗಾಗದಂತೆ ಮಾಡುವುದು ಹೇಗೆ?

ಪ್ರಶ್ನೆ: ನಾವು ಮುಂಬಯಿಯ ಮುಲುಂಡ್‌ನಲ್ಲಿದ್ದೇವೆ. ನನಗೆ 6 ಮತ್ತು 9 ವರ್ಷದ ಇಬ್ಬರು ಮಕ್ಕಳು. ಕಳೆದ ಡಿಸೆಂಬರ್‌ನಲ್ಲಿ ಅವರ ಹಟಕ್ಕೆ ಮಣಿದು ಶುಂಠಿ ಬಿಸ್ಕತ್ತಿನ ಗೊಂಬೆಗಳನ್ನು ಮಾಡಿ ಸೊಸೈಟಿಯ ಕ್ರಿಸ್‌ಮಸ್ ಗಿಡಕ್ಕೆ ತೂಗುಹಾಕಿದೆವು. ಎರಡನೆಯ ದಿನಕ್ಕೆ ಬಿಸ್ಕತ್ತು ಮೆತ್ತಗಾಯಿತು, ಮೇಲಿನ ಐಸಿಂಗ್ ಅಂಟಂಟಾಯಿತು, ಮೂರನೆಯ ದಿನ ಇರುವೆಗಳು ಸಾಲುಗಟ್ಟಿದವು. ಈ ವರ್ಷ ಮಕ್ಕಳು ಮತ್ತೆ ಕೇಳುತ್ತಿದ್ದಾರೆ. ನಮ್ಮ ಕಟ್ಟಡದಲ್ಲಿ ಮೊಟ್ಟೆ ತಿನ್ನದವರೇ ಹೆಚ್ಚು. ಮನೆಯಲ್ಲಿ ಒಂದು ಚಿಕ್ಕ ಓಟಿಜಿ (ವಿದ್ಯುತ್ ಓವನ್) ಮಾತ್ರ ಇದೆ. ಏನು ಮಾಡಬಹುದು?

ಉತ್ತರ: ನೀವು ಅಲಂಕಾರದ ಬಗ್ಗೆ ಕೇಳಿದ್ದೀರಿ, ಆದರೆ ನಿಮ್ಮ ದೂರುಗಳ ಪೈಕಿ ಮೊದಲ ಎರಡರ ಮೂಲ ತೇವ. ಓಟಿಜಿಯಿಂದ ಹೊರಬಂದ ಬಿಸ್ಕತ್ತಿನಲ್ಲಿ ನೀರಿನಂಶ ತೀರಾ ಕಡಿಮೆ ಇರುತ್ತದೆ. ಸುತ್ತಲಿನ ಗಾಳಿ ಹಸಿಯಾಗಿದ್ದರೆ ಬಿಸ್ಕತ್ತು ಆ ತೇವವನ್ನು ಹೀರುತ್ತಲೇ ಹೋಗುತ್ತದೆ. ಶುಂಠಿ ಬಿಸ್ಕತ್ತು ಬೆಳೆದುಬಂದದ್ದು ಯುರೋಪಿನ ಚಳಿನಾಡುಗಳಲ್ಲಿ. ಅಲ್ಲಿ ಡಿಸೆಂಬರ್‌ನಲ್ಲಿ ಕಿಟಕಿ ಮುಚ್ಚಿ, ಮನೆಯೊಳಗೆ ಕಾವು ಹಚ್ಚಿಕೊಂಡು ಕೂರುವುದರಿಂದ ಕೋಣೆಯ ಗಾಳಿ ಚರ್ಮ ಒಡೆಯುವಷ್ಟು ಒಣಗಿರುತ್ತದೆ. ನಮ್ಮ ಮುಂಬಯಿಯಲ್ಲಿ ಮಳೆಗಾಲಕ್ಕೆ ಹೋಲಿಸಿದರೆ ಡಿಸೆಂಬರ್ ಒಣ ತಿಂಗಳೇ ಸರಿ, ಆದರೂ ಇದು ಕಡಲ ತೀರದ ಊರು. ಬೆಳಗಿನ ಜಾವದ ಗಾಳಿಯಲ್ಲಿ ಹಸಿ ಇದ್ದೇ ಇರುತ್ತದೆ. ನಾನು ಒಮ್ಮೆ ಒಂದೇ ಹಿಟ್ಟಿನ ಬಿಸ್ಕತ್ತುಗಳನ್ನು ಎರಡು ಪಾಲು ಮಾಡಿ, ಅರ್ಧವನ್ನು ವಿಲೇಪಾರ್ಲೆಯ ನನ್ನ ಮನೆಯಲ್ಲಿಯೂ ಉಳಿದರ್ಧವನ್ನು ಪುಣೆಯ ತಂಗಿಯ ಮನೆಯಲ್ಲಿಯೂ ತೂಗುಹಾಕಿದ್ದೆ. ಘಟ್ಟದ ಮೇಲಿನ ಆ ಒಣ ಚಳಿಯಲ್ಲಿ ತಂಗಿಯ ಪಾಲು ಒಂದು ವಾರ ಗರಿಗರಿಯಾಗಿಯೇ ನೇತಾಡಿತು. ನನ್ನದು ಎರಡು ರಾತ್ರಿಯೂ ತಾಳಲಿಲ್ಲ.

ಇದಕ್ಕೂ ಮೊದಲು ಆದ ಫಜೀತಿ ಇನ್ನೂ ದೊಡ್ಡದು. ಮೊದಲ ವರ್ಷ ಪುಸ್ತಕದಲ್ಲಿದ್ದಂತೆಯೇ ಬೆಲ್ಲ, ಜೇನು ಎರಡನ್ನೂ ಹಾಕಿ ಹತ್ತೊಂಬತ್ತು ಗೊಂಬೆಗಳನ್ನು ಬೇಯಿಸಿ, ನೆತ್ತಿಯ ಅಂಚಿಗೇ ತೂತು ಮಾಡಿ ಕೆಂಪು ರಿಬ್ಬನ್ ಕಟ್ಟಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಹನ್ನೊಂದು ಗೊಂಬೆಗಳ ಮುಂಡ ನೆಲದ ಮೇಲಿತ್ತು, ಅವುಗಳ ತಲೆ ಮಾತ್ರ ಗಿಡದಲ್ಲಿ ತೂಗುತ್ತಿತ್ತು. ನನ್ನ ಮಗಳು ಆ ನೋಟವನ್ನು ಇಂದಿಗೂ ನೆನಪಿಸುತ್ತಾಳೆ. ಬೆಲ್ಲ ಮತ್ತು ಜೇನಿನಲ್ಲಿ ಬಿಳಿ ಸಕ್ಕರೆಯಲ್ಲಿ ಇಲ್ಲದ ಬೇರೆ ಬಗೆಯ ಸಕ್ಕರೆಗಳಿವೆ, ಅವು ಗಾಳಿಯ ತೇವವನ್ನು ಬಲುಬೇಗ ಎಳೆದುಕೊಳ್ಳುತ್ತವೆ. ತಿನ್ನಲು ಮೆತ್ತಗಿನ ಬಿಸ್ಕತ್ತು ಬೇಕಾದಾಗ ಇದೇ ಗುಣ ವರ, ತೂಗುಹಾಕಲು ಬೇಕಾದಾಗ ಶಾಪ.

ಆದ್ದರಿಂದ ತೂಗುಹಾಕುವ ಬಿಸ್ಕತ್ತಿಗೆ ಬೆಲ್ಲ ಬೇಡ, ಜೇನು ಬೇಡ, ಅಡುಗೆ ಸೋಡಾವೂ ಬೇಡ. ಸೋಡಾ ಹಾಕಿದರೆ ಹಿಟ್ಟು ಉಬ್ಬಿ ನಕ್ಷತ್ರದ ಮೂಲೆಗಳು ಮೊಂಡಾಗುತ್ತವೆ. 250 ಗ್ರಾಂ ಮೈದಾ, 100 ಗ್ರಾಂ ಬೆಣ್ಣೆ, 90 ಗ್ರಾಂ ಪುಡಿ ಮಾಡಿದ ಬಿಳಿ ಸಕ್ಕರೆ, ಎರಡು ಟೀ ಚಮಚ ಒಣಶುಂಠಿ ಪುಡಿ, ಒಂದು ಟೀ ಚಮಚ ದಾಲ್ಚಿನ್ನಿ ಪುಡಿ, ಚಿಟಿಕೆ ಲವಂಗದ ಪುಡಿ, ಚಿಟಿಕೆ ಉಪ್ಪು, ಬೆಲ್ಲದ ಕಂದುಬಣ್ಣದ ಬದಲಿಗೆ ಒಂದು ದೊಡ್ಡ ಚಮಚ ಕೋಕೋ ಪುಡಿ, ಇಷ್ಟನ್ನು ಬೆರೆಸಿ ಮೂರು ದೊಡ್ಡ ಚಮಚದಷ್ಟು ತಣ್ಣನೆಯ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಹಿಟ್ಟು ಒಂದುಗೂಡುವಷ್ಟು ಮಾತ್ರ ಕಲಸಿ. ಚಪಾತಿ ಹಿಟ್ಟಿನಂತೆ ನಾದಬೇಡಿ, ನಾದಿದರೆ ಬೇಯುವಾಗ ಕುಗ್ಗುತ್ತದೆ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಎರಡು ಬಟರ್ ಪೇಪರ್‌ಗಳ ನಡುವೆ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ. ಅಚ್ಚು ಒತ್ತುವುದು ಮತ್ತು ತೂತು ಮಾಡುವುದು ನಿಮ್ಮ 6 ವರ್ಷದ ಮಗುವಿನ ಕೆಲಸವಾಗಲಿ. ತೂತಿಗೆ ದಪ್ಪನೆಯ ಸ್ಟ್ರಾ ಸಾಕು. ತೂತು ಅಂಚಿನಿಂದ ಒಂದು ಸೆಂಟಿಮೀಟರ್ ಒಳಗಿರಬೇಕು ಎಂಬ ಒಂದು ನಿಯಮವನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳಿ, ಮಿಕ್ಕದ್ದನ್ನು ಮಗುವಿನ ಇಷ್ಟಕ್ಕೆ ಬಿಡಿ. ಆನೆಗೆ ಐದು ಕಾಲು ಮೂಡಿದರೂ ಚಿಂತೆಯಿಲ್ಲ.

ಮೊದಲೇ ಬಿಸಿ ಮಾಡಿದ ಓಟಿಜಿಯಲ್ಲಿ 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 15 ನಿಮಿಷ ಬೇಯಿಸಿ. ಹೊರತೆಗೆದ ಕೂಡಲೇ, ಇನ್ನೂ ಮೆದುವಾಗಿರುವಾಗ, ಮುಚ್ಚಿಕೊಳ್ಳುತ್ತ ಬಂದ ತೂತನ್ನು ನೀವು ಮತ್ತೊಮ್ಮೆ ಬಿಡಿಸಿ. ಹೆಚ್ಚಿನವರು ಇಲ್ಲಿಗೆ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ನಾನು ಮಾತ್ರ ಬಿಸ್ಕತ್ತುಗಳು ಆರಿದ ಮೇಲೆ ಅವನ್ನು ಮತ್ತೆ 120 ಡಿಗ್ರಿಯಲ್ಲಿ 20 ನಿಮಿಷ ಇಡುತ್ತೇನೆ. ಚಹಾದಲ್ಲಿ ಅದ್ದುವ ಟೋಸ್ಟ್ ಡಬ್ಬಿಯಲ್ಲಿ ಅಷ್ಟು ದಿನ ಕೆಡದೆ ಇರುವುದಕ್ಕೆ ಕಾರಣ ಅದನ್ನು ಎರಡು ಸಲ ಸುಡುವುದೇ ಅಲ್ಲವೇ, ಇದೂ ಅದೇ ಉಪಾಯ. ಆಮೇಲೆ ಪೂರ್ತಿ ತಣಿದ ಬಿಸ್ಕತ್ತನ್ನು ಗಾಳಿಯಾಡದ ಡಬ್ಬಿಗೆ ತುಂಬಿಸಿ. ಬಿಸಿ ಇರುವಾಗ ಮುಚ್ಚಿದರೆ ಅದರದೇ ಹಬೆ ಅದಕ್ಕೆ ಶತ್ರು.

ಐಸಿಂಗ್‌ನ ವಿಷಯ. ಒಣಗಿ ಗಟ್ಟಿಯಾಗುವ ರಾಯಲ್ ಐಸಿಂಗ್ ಎಂಬ ಸಕ್ಕರೆ ಲೇಪವನ್ನು ಹಸಿ ಮೊಟ್ಟೆಯ ಬಿಳಿಯಿಂದ ಮಾಡುವುದು ವಾಡಿಕೆ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುವ ಸಂಭವ ಇರುವುದರಿಂದ ಮೊಟ್ಟೆ ತಿನ್ನುವ ಮನೆಗಳಲ್ಲಿಯೂ ಚಿಕ್ಕ ಮಕ್ಕಳಿಗೆ ಅದು ಬೇಡವೆಂದೇ ನಾನು ಹೇಳುತ್ತೇನೆ. ಕಾಬೂಲಿ ಕಡಲೆಯನ್ನು ಉಪ್ಪಿಲ್ಲದೆ ಬೇಯಿಸಿದ ನೀರನ್ನು ಮತ್ತೆ ಕುದಿಸಿ, ತಣಿದಾಗ ಲೋಳೆಯಂತೆ ಎಳೆ ಬರುವಷ್ಟು ಬತ್ತಿಸಿದರೆ ಅದು ಮೊಟ್ಟೆಯ ಬಿಳಿಯಂತೆಯೇ ನೊರೆಗಟ್ಟುತ್ತದೆ. ಈ ನೀರು ಎರಡು ದೊಡ್ಡ ಚಮಚಕ್ಕೆ ಸುಮಾರು 200 ಗ್ರಾಂ ಐಸಿಂಗ್ ಶುಗರ್ ಹಾಕಿ ಚೆನ್ನಾಗಿ ಕಡೆಯಿರಿ. ಚಮಚದಿಂದ ಬಿದ್ದ ಗೆರೆ ಹತ್ತು ಎಣಿಸುವವರೆಗೂ ಅಳಿಸಿಹೋಗಬಾರದು. ಕಡಲೆಯ ವಾಸನೆ ಬರುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ, ಒಣಗಿದ ಮೇಲೆ ಬರುವುದಿಲ್ಲ. ಬಟರ್ ಪೇಪರ್ ಅನ್ನು ಕಡಲೆಕಾಯಿ ಪೊಟ್ಟಣದ ಹಾಗೆ ಸುತ್ತಿ ತುದಿ ಕತ್ತರಿಸಿಕೊಟ್ಟರೆ ನಿಮ್ಮ 9 ವರ್ಷದ ಮಗು ಗೆರೆ ಬರೆಯಬಲ್ಲುದು. ಗೆರೆ ಮಾತ್ರ ಬರೆಯಲಿ, ಇಡೀ ಬಿಸ್ಕತ್ತಿಗೆ ಬಳಿಯುವುದು ಬೇಡ, ದಪ್ಪ ಪದರ ಒಳಗೆ ಒಣಗುವುದೇ ಇಲ್ಲ. ಬರೆದ ಮೇಲೆ ಒಂದು ಇಡೀ ರಾತ್ರಿ ಫ್ಯಾನಿನ ಕೆಳಗೆ ಬಿಡಿ. ನಿಮ್ಮ ಐಸಿಂಗ್ ಅಂಟಂಟಾದದ್ದಕ್ಕೆ ಬಹುಶಃ ಒಣಗುವ ಮೊದಲೇ ತೂಗುಹಾಕಿದ್ದು ಕಾರಣ.

ಬಣ್ಣ ಹಾಕುವುದಾದರೆ ಸಡಿಲ ಪೊಟ್ಟಣದಲ್ಲಿ ಮಾರುವ ಪುಡಿಯನ್ನು ತರಬೇಡಿ. ಭಾರತದಲ್ಲಿ ಆಹಾರಕ್ಕೆ ಅನುಮತಿ ಇರುವ ಕೃತಕ ಬಣ್ಣಗಳು 8 ಮಾತ್ರ, ಅವೂ ಗೊತ್ತುಪಡಿಸಿದ ತಿನಿಸುಗಳಲ್ಲಿ, ಗೊತ್ತುಪಡಿಸಿದ ಪ್ರಮಾಣದಲ್ಲಿ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರವು ಬೊಂಬಾಯಿ ಮಿಠಾಯಿಯಲ್ಲಿ ರೋಡಮೈನ್-ಬಿ ಬಳಸುವುದನ್ನು ತಡೆದದ್ದು ನಿಮಗೆ ನೆನಪಿರಬಹುದು. ಅದು ಬಟ್ಟೆಗೆ ಹಾಕುವ ಬಣ್ಣ. ಹೊಳಪಿನ ಪುಡಿಯ ಡಬ್ಬಿಯ ಮೇಲೆ ‘ನಾನ್-ಟಾಕ್ಸಿಕ್’ ಎಂದಿದ್ದರೆ ತಿನ್ನಬಹುದು ಎಂದು ಅರ್ಥವಲ್ಲ, ಮಕ್ಕಳ ಕ್ರೇಯಾನ್ ಮೇಲೂ ಹಾಗೆಯೇ ಬರೆದಿರುತ್ತದೆ. ನಾನಂತೂ ಬೀಟ್‌ರೂಟ್ ಪುಡಿಯ ಗುಲಾಬಿ ಮತ್ತು ಅರಿಸಿನದ ಹಳದಿಯಲ್ಲಿಯೇ ತೃಪ್ತಿಪಡುತ್ತೇನೆ.

ಬಿಸ್ಕತ್ತಿನ ಮಾತು ಇಷ್ಟಕ್ಕೆ ನಿಲ್ಲಿಸಿ, ಕನ್ನಡದವರಾದ ನಿಮಗೆ ಇದಕ್ಕಿಂತ ಉತ್ತಮವಾದ ಒಂದು ದಾರಿಯನ್ನು ಹೇಳಬೇಕೆನಿಸುತ್ತದೆ. ನಿಮ್ಮ ತಾಯಿಯ ಅಥವಾ ಅತ್ತೆಯ ಮನೆಯ ಅಟ್ಟದಲ್ಲಿ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಮಣೆಗಳು ಇದ್ದರೆ ಊರಿನಿಂದ ತರಿಸಿಕೊಳ್ಳಿ. ಗಿಳಿ, ಮೀನು, ಹೂವು, ಆನೆ ಎಲ್ಲವೂ ಗಿಡದ ಮೇಲೆ ತೂಗಲು ಯೋಗ್ಯವಾದವೇ. ಗಾಜಿನಂತೆ ಪಾರದರ್ಶಕವಾಗಿರುವ ಲಾಲಿಪಾಪ್ ನಮ್ಮ ಗಾಳಿಯಲ್ಲಿ ಬೇಗ ಜಿಗುಟಾಗುತ್ತದೆ. ಸಕ್ಕರೆ ಅಚ್ಚು ಹಾಗಾಗುವುದಿಲ್ಲ, ಏಕೆಂದರೆ ಅದರಲ್ಲಿ ಸಕ್ಕರೆ ಮತ್ತೆ ಸಣ್ಣ ಹರಳುಗಳಾಗಿ ಕೂಡಿಕೊಂಡಿರುತ್ತದೆ, ಹರಳುಗಟ್ಟಿದ ಶುದ್ಧ ಸಕ್ಕರೆಯು ಗಾಳಿ ತೀರಾ ಹಸಿಯಾಗುವವರೆಗೂ ತೇವಕ್ಕೆ ಸೋಲುವುದಿಲ್ಲ. ನಮ್ಮ ಅಜ್ಜಿಯಂದಿರು ಸಂಕ್ರಾಂತಿಗೆ ಎಷ್ಟೋ ದಿನ ಮೊದಲೇ ಅಚ್ಚು ಹೊಯ್ದು ಡಬ್ಬಿ ತುಂಬಿಸಿಡುತ್ತಿದ್ದುದಕ್ಕೆ ಆಧಾರ ಇದೇ.

ವಿಧಾನವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮರದ ಅಚ್ಚುಗಳನ್ನು ಒಂದೆರಡು ಗಂಟೆ ನೀರಿನಲ್ಲಿ ನೆನೆಸಿ, ಒರೆಸಿ, ಎರಡೂ ಹೋಳುಗಳ ನಡುವೆ ಹತ್ತಿಯ ದಪ್ಪ ನೂಲಿನ ಕುಣಿಕೆಯನ್ನು ಇಟ್ಟು, ರಬ್ಬರ್ ಬ್ಯಾಂಡಿನಿಂದ ಬಿಗಿಯಾಗಿ ಕಟ್ಟಿ. ಈ ಕೆಲಸವೆಲ್ಲ ಮಕ್ಕಳದು. ನೂಲನ್ನು ಮೊದಲೇ ಇಡುವ ಈ ಉಪಾಯ ನನ್ನದಲ್ಲ. ಇಲ್ಲಿ ಮರಾಠಿಗರ ಯುಗಾದಿಯಾದ ಗುಡಿಪಾಡ್ವಾಕ್ಕೆ ಮನೆಯ ಮುಂದೆ ನಿಲ್ಲಿಸುವ ‘ಗುಡಿ’ ಎಂಬ ಅಲಂಕೃತ ಕೋಲಿಗೆ ಕಟ್ಟುವ ಸಕ್ಕರೆಯ ಹಾರ ಗಾಠಿಯನ್ನು ನೋಡಿದ್ದೀರಲ್ಲ, ಅದರ ನೂಲು ಪದಕಗಳ ಹೊಟ್ಟೆಯೊಳಗೇ ಹಾದುಹೋಗಿರುವುದು ಹೀಗೆ. ಅರ್ಧ ಕಿಲೋ ಸಕ್ಕರೆಗೆ ಅದು ಮುಳುಗುವಷ್ಟು ನೀರು ಹಾಕಿ ಕುದಿಸಿ, ಎರಡು ಚಮಚ ಹಾಲು ಹಾಕಿ ಮೇಲೆ ಬಂದ ಕೊಳೆಯನ್ನು ತೆಗೆದು, ಬಟ್ಟೆಯಲ್ಲಿ ಸೋಸಿ, ಗಟ್ಟಿ ಎಳೆ ಬರುವವರೆಗೆ ಪಾಕ ಕಾಯಿಸಿ. ಥರ್ಮಾಮೀಟರ್ ಇದ್ದರೆ ಸುಮಾರು 115 ಡಿಗ್ರಿ. ನಿಂಬೆರಸ ಹಿಂಡುವವರು ಎರಡು ಹನಿಗೆ ನಿಲ್ಲಿಸಬೇಕು, ಹೆಚ್ಚಾದರೆ ಸಕ್ಕರೆ ಹರಳುಗಟ್ಟುವುದೇ ಇಲ್ಲ. ಪಾಕವನ್ನು ಒಂದೇ ಸಲಕ್ಕೆ ಹೊಯ್ಯಲು ಹೋಗದೆ, ಎರಡು ಸೌಟಿನಷ್ಟನ್ನು ಚಿಕ್ಕ ಪಾತ್ರೆಗೆ ತೆಗೆದುಕೊಂಡು ಒಂದೇ ಸಮನೆ ತಿರುವಿ. ಅಂಚಿನಲ್ಲಿ ಬೆಳ್ಳಗಾಗುತ್ತ ಬಂದು, ಪಾಕ ಮಜ್ಜಿಗೆಯ ಹಾಗೆ ಮಬ್ಬಾದ ಕ್ಷಣದಲ್ಲಿ ಅಚ್ಚಿಗೆ ಹೊಯ್ಯಬೇಕು. ಅರ್ಧ ನಿಮಿಷ ಮೈಮರೆತರೆ ಪಾತ್ರೆಯಲ್ಲಿಯೇ ಕಲ್ಲಾಗುತ್ತದೆ. ಹಾಗಾದರೆ ಗಾಬರಿ ಬೇಡ, ಸ್ವಲ್ಪ ನೀರು ಹಾಕಿ ಮತ್ತೆ ಪಾಕ ಮಾಡಬಹುದು. ಹತ್ತು ನಿಮಿಷದಲ್ಲಿ ಅಚ್ಚು ಬಿಡಿಸಬಹುದು. ಆ ಬಿಡಿಸುವ ಗಳಿಗೆಗೆ ಮಕ್ಕಳನ್ನು ಕರೆಯಿರಿ, ಗಿಳಿಯ ಕೊಕ್ಕು ಮುರಿಯದೆ ಬಂದದ್ದನ್ನು ಕಂಡಾಗ ಅವರ ಮುಖ ನೋಡಬೇಕು. ಆದರೆ ಪಾಕ ಒಲೆಯ ಮೇಲಿರುವಷ್ಟು ಹೊತ್ತು ಯಾವ ಮಗುವೂ ಅಡುಗೆಮನೆಯ ಹೊಸ್ತಿಲು ದಾಟಬಾರದು. ಕುದಿನೀರು ಬಿದ್ದರೆ ಜಾರಿ ಹೋಗುತ್ತದೆ, ಪಾಕ ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ.

ಕ್ರಿಸ್‌ಮಸ್‌ಗೆ ಸಂಕ್ರಾಂತಿಯ ಅಚ್ಚೇ ಎಂದು ಯಾರಾದರೂ ಮೂಗು ಮುರಿದರೆ, ಈ ಹಬ್ಬದ ಗಿಡದಲ್ಲಿ ಮೊದಲು ತೂಗಿದ್ದೂ ತಿನಿಸೇ ಎಂದು ತಿಳಿಸಿ. ಸ್ಟ್ರಾಸ್‌ಬರ್ಗ್ ನಗರದ 1605ರ ಒಂದು ಬರಹದಲ್ಲಿ, ಜನರು ಮನೆಯ ಪಡಸಾಲೆಯಲ್ಲಿ ಫರ್ ಮರವನ್ನು ನಿಲ್ಲಿಸಿ ಅದಕ್ಕೆ ಬಣ್ಣದ ಕಾಗದದ ಗುಲಾಬಿ, ಸೇಬು, ತೆಳು ಬಿಲ್ಲೆ ಮತ್ತು ಸಕ್ಕರೆ ತಿನಿಸುಗಳನ್ನು ಕಟ್ಟುತ್ತಾರೆಂಬ ವರ್ಣನೆಯಿದೆ. ಇಂದು ಅಂಗಡಿಯಲ್ಲಿ ದೊರೆಯುವ ಹೊಳೆಯುವ ಗಾಜಿನ ಗೋಲಗಳು ಜರ್ಮನಿಯ ಲೌಶಾ ಎಂಬ ಊರಿನಿಂದ ಹೊರಟು ಹರಡಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಇನ್ನು ನಿಮ್ಮ ಮರಾಠಿ ನೆರೆಯವರಿಗೆ ಇದು ಹೊಸತೇ ಅಲ್ಲ. ಎಳ್ಳಿನ ಮೇಲೆ ಸಕ್ಕರೆ ಕಟ್ಟಿದ ಹಲ್ವಾ ಕಾಳುಗಳನ್ನು ಪೋಣಿಸಿ ಹಾರ, ಬಾಜುಬಂದಿ, ಕಿರೀಟ ಮಾಡಿ ಸಂಕ್ರಾಂತಿಯಲ್ಲಿ ಮಗುವಿಗೂ ಹೊಸ ಸೊಸೆಗೂ ತೊಡಿಸುವ ಜನ ಅವರು. ಅಂಥ ಒಬ್ಬ ಆಜಿ ನಿಮ್ಮ ಕಟ್ಟಡದಲ್ಲಿದ್ದರೆ ಅವರ ಪಕ್ಕದಲ್ಲಿ ಮಕ್ಕಳನ್ನು ಕೂರಿಸಿ. ಅಷ್ಟು ಸಣ್ಣ ಕಾಳನ್ನು ದಾರಕ್ಕೆ ಕಟ್ಟುವ ಕೈಚಳಕವನ್ನು ನಾನು ಬರೆದು ಕಲಿಸಲಾರೆ.

ನಮ್ಮ ಕರಾವಳಿಯ ಕ್ರೈಸ್ತರು ಕ್ರಿಸ್‌ಮಸ್‌ಗೆ ಮಾಡುವ ತಿನಿಸುಗಳ ಬುತ್ತಿಯಾದ ಕುಸ್ವಾರ್‌ನಲ್ಲಿಯೂ ಗಿಡಕ್ಕೆ ಹೇಳಿ ಮಾಡಿಸಿದ ಒಂದು ತಿನಿಸಿದೆ. ಗುಲಾಬಿ ಹೂವಿನ ಆಕಾರದ, ಕಬ್ಬಿಣದ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವ ರೋಸ್ ಕುಕಿ. ಮಂಗಳೂರಿನ ಕೊಂಕಣಿಯಲ್ಲಿ ಕೊಕ್ಕಿಸಾಂ. ಅದರ ಮೈಯೆಲ್ಲ ತೂತು, ಎಲ್ಲಿ ಬೇಕಾದರೂ ರಿಬ್ಬನ್ ಪೋಣಿಸಬಹುದು, ಹಗುರವಾದ್ದರಿಂದ ಪ್ಲಾಸ್ಟಿಕ್ ಗಿಡದ ಸಣ್ಣ ರೆಂಬೆಯೂ ಬಾಗುವುದಿಲ್ಲ. ಅಕ್ಕಿ ಹಿಟ್ಟು, ಸ್ವಲ್ಪ ಮೈದಾ, ಸಕ್ಕರೆ, ತೆಂಗಿನ ಹಾಲು ಸೇರಿಸಿ ಮೊಟ್ಟೆಯಿಲ್ಲದೆಯೂ ಮಾಡಬಹುದು. ಬಹಳ ವರ್ಷಗಳ ಹಿಂದೆ ಬಾಂದ್ರಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಂಗಳೂರಿನ ಹೆಂಗಸೊಬ್ಬರು ನನಗೆ ಇದನ್ನು ಕಲಿಸುವಾಗ, ಅಚ್ಚು ಎಣ್ಣೆಯಲ್ಲಿ ಚೆನ್ನಾಗಿ ಕಾದಿರಬೇಕು, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಮುಳುಗಬೇಕು, ಕುತ್ತಿಗೆ ಮುಳುಗಿದರೆ ಹೂ ಅಚ್ಚನ್ನು ಬಿಡದು ಎಂದು ನನ್ನ ಮಣಿಕಟ್ಟನ್ನು ತಾವೇ ಹಿಡಿದು ತೋರಿಸಿದ್ದರು. ಕರಿಯುವುದು ದೊಡ್ಡವರ ಕೆಲಸ, ಪೋಣಿಸುವುದು ಮಕ್ಕಳದು. ಮಕ್ಕಳ ಕೈಗೆ ಹಿಟ್ಟೇ ಬೇಕೆಂದರೆ ಕಿಡಿಯೊ ಮಾಡಿಸಿ. ಮುಂಬಯಿ, ಗೋವಾಗಳಲ್ಲಿ ಇದಕ್ಕೆ ಕಲ್‌ಕಲ್ ಎನ್ನುತ್ತಾರೆ. ಫೋರ್ಕಿನ ಬೆನ್ನ ಮೇಲೆ ಅಥವಾ ಹೊಸ ಬಾಚಣಿಗೆಯ ಮೇಲೆ ಹಿಟ್ಟಿನ ಸಣ್ಣ ಉಂಡೆಯನ್ನು ಒತ್ತಿ ಸುರುಳಿ ಸುತ್ತುವುದು. ಕೊಂಕಣಿಯಲ್ಲಿ ಆ ಹೆಸರಿಗೆ ಹುಳುಗಳು ಎಂದು ಅರ್ಥವೆಂದು ಹೇಳಿದರೆ ನಿಮ್ಮ ಮಕ್ಕಳು ಒಂದು ಗಂಟೆ ಕದಲದೆ ಕೂರುವುದು ಖಂಡಿತ. ಇವನ್ನು ಪೋಣಿಸಲಾಗದು, ಬಣ್ಣದ ಕಾಗದದ ಪೊಟ್ಟಣದಲ್ಲಿ ಹಾಕಿ ಪೊಟ್ಟಣವನ್ನು ತೂಗುಹಾಕಿ.

ಗೋಡಂಬಿಯ ಮಾರ್ಜಿಪಾನ್ ಹಣ್ಣುಗಳನ್ನು, ಅಂದರೆ ಗೋಡಂಬಿ, ಸಕ್ಕರೆಯ ಮುದ್ದೆಯಿಂದ ಹಣ್ಣಿನಾಕಾರದಲ್ಲಿ ಮಾಡುವ ಮಿಠಾಯಿಯನ್ನು, ಹಲವರು ಕೇಳುತ್ತಾರೆ. ಕಾಜು ಕತ್ಲಿಯ ಹಿಟ್ಟು ಬರುವವರಿಗೆ ಅದು ಬಂದಂತೆಯೇ, ಆದರೆ ಭಾರ, ಗಿಡಕ್ಕೆ ಬೇಡ, ಗೋದಲಿಯ (ಯೇಸುವಿನ ಜನನದ ಗೊಂಬೆಗಳ ದೃಶ್ಯದ) ಪಕ್ಕದ ತಟ್ಟೆಯಲ್ಲಿರಲಿ. ಚಾಕೊಲೇಟ್ ಖಂಡಿತ ಬೇಡ. ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಗೆ, ಡಿಸೆಂಬರ್ ಮಧ್ಯಾಹ್ನದಲ್ಲಿಯೂ ನಮ್ಮ ಊರು ಅದಕ್ಕೆ ಎರಡು ಮೂರು ಡಿಗ್ರಿ ಕಡಿಮೆ ಅಷ್ಟೆ. ಮಾರ್ಷ್‌ಮ್ಯಾಲೋ ಮತ್ತು ಜೆಲ್ಲಿ ಮಿಠಾಯಿಗಳಲ್ಲಿ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಟಿನ್ ಇರುತ್ತದೆ, ನಿಮ್ಮ ಕಟ್ಟಡಕ್ಕೆ ಹಸಿರು ಗುರುತನ್ನು ನೋಡಿಯೇ ತರಬೇಕು. ಜೈನ ಮನೆಗಳಿದ್ದರೆ ಶುಂಠಿಯ ಬಗ್ಗೆ ಮೊದಲೇ ಕೇಳಿ. ಹಸಿಶುಂಠಿ ಬಿಟ್ಟವರಲ್ಲಿ ಹಲವರು ಒಣಶುಂಠಿಯನ್ನು ಒಪ್ಪುತ್ತಾರೆ, ಏಲಕ್ಕಿ ಹಾಕಿದರೆ ಆ ಮಾತೇ ಬೇಡ. ಪಾಪ್‌ಕಾರ್ನ್ ಹಾರ ಸುಲಭ, ಸುಂದರ, ಆದರೆ 4 ವರ್ಷದೊಳಗಿನ ಮಕ್ಕಳ ಗಂಟಲಿಗೆ ಅದು ಅಪಾಯ, ಇಡೀ ಗೋಡಂಬಿ, ಬಾದಾಮಿಯೂ ಹಾಗೆಯೇ. ಸೊಸೈಟಿಯ ಗಿಡದ ಸುತ್ತ ಎಲ್ಲ ವಯಸ್ಸಿನ ಮಕ್ಕಳೂ ಸುಳಿದಾಡುತ್ತಾರಾದ್ದರಿಂದ ಇವನ್ನು ನಿಮ್ಮ ಮನೆಯ ಗಿಡಕ್ಕಷ್ಟೇ ಇಟ್ಟುಕೊಳ್ಳಿ.

ಇನ್ನೊಂದು ಎಚ್ಚರಿಕೆ. ಮೈದಾ ಮತ್ತು ಉಪ್ಪು ಕಲಸಿ ಸುಟ್ಟು ಮಾಡುವ ಗೊಂಬೆಗಳು ಬಿಸ್ಕತ್ತಿನಂತೆಯೇ ಕಾಣುತ್ತವೆ, ವರ್ಷಗಟ್ಟಲೆ ಉಳಿಯುತ್ತವೆ, ಶಾಲೆಗಳಲ್ಲಿ ಕರಕುಶಲದ ತರಗತಿಯಲ್ಲಿ ಮಾಡಿಸುವುದೂ ಉಂಟು. ಅವು ತಿನ್ನುವಂಥವಲ್ಲ, ಅಷ್ಟು ಉಪ್ಪು ಚಿಕ್ಕ ಮಗುವಿಗೂ ಸಾಕುನಾಯಿಗೂ ಕೆಡುಕು ಮಾಡುತ್ತದೆ. ತಿನ್ನುವ ಅಲಂಕಾರವಿರುವ ಗಿಡದಲ್ಲಿ ತಿನ್ನದ ಗೊಂಬೆ ಒಂದೂ ಇರಬಾರದು. ಯಾವುದನ್ನು ಕಚ್ಚಬಹುದು, ಯಾವುದನ್ನು ಬಾರದು ಎಂದು ಮೂರು ವರ್ಷದ ಮಗುವಿಗೆ ಗಿಡದ ಮುಂದೆ ನಿಂತು ಪಾಠ ಹೇಳಲಾಗದು.

ತೂಗುಹಾಕುವುದು ಯಾವಾಗ? ಡಿಸೆಂಬರ್ ಮೊದಲ ವಾರದಲ್ಲಿ ಗಿಡ ನಿಲ್ಲಿಸಿದ ದಿನವೇ ಎಲ್ಲವನ್ನೂ ಕಟ್ಟುವ ಆತುರ ಬೇಡ. ಸಕ್ಕರೆ ಅಚ್ಚುಗಳನ್ನು ಮೂರು ನಾಲ್ಕು ದಿನ ಮೊದಲೇ ಕಟ್ಟಬಹುದು. ಬಿಸ್ಕತ್ತು ಮತ್ತು ರೋಸ್ ಕುಕಿಗಳು 24ರ ಸಂಜೆಯವರೆಗೆ ಡಬ್ಬಿಯಲ್ಲಿರಲಿ, ಆ ಸಂಜೆ ಮಕ್ಕಳೇ ಕಟ್ಟಲಿ, 25ರ ಸಂಜೆ ಅವರೇ ಬಿಚ್ಚಿ ಮನೆಮನೆಗೆ ಹಂಚಲಿ. ಪ್ಲಾಸ್ಟಿಕ್ ಗಿಡದಲ್ಲಿ ಹಿಂದಿನ ವರ್ಷದ ಧೂಳು ಕೂತಿರುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ತಿನ್ನಲಿರುವ ಒಂದೊಂದನ್ನೂ ಪಾರದರ್ಶಕ ಕಾಗದದ ಪುಟ್ಟ ಚೀಲದಲ್ಲಿ ಹಾಕಿ ಕಟ್ಟಿದರೆ ಇನ್ನೂ ಒಳ್ಳೆಯದು. ಇರುವೆಗೆ ನಮ್ಮ ಹಿರಿಯರು ಹಾಲಿನ ಕಪಾಟಿನ ಕಾಲಿಗೆ ಮಾಡುತ್ತಿದ್ದ ಉಪಾಯವೇ ಸಾಕು: ಗಿಡದ ಕುಂಡವನ್ನು ಎರಡು ಬೆರಳು ನೀರಿರುವ ಅಗಲ ತಟ್ಟೆಯ ನಡುವೆ ಒಂದು ಇಟ್ಟಿಗೆಯ ಮೇಲಿಡಿ, ರೆಂಬೆ ಗೋಡೆಗೆ ತಾಗದಿರಲಿ. ದೀಪದ ಸರದ ತಂತಿಯನ್ನು ಮಾತ್ರ ಮರೆಯಬೇಡಿ. ನಾನು ನೀರಿನ ತಟ್ಟೆ ಇಟ್ಟು ನೆಮ್ಮದಿಯಾಗಿ ಮಲಗಿದ ವರ್ಷ ಇರುವೆಗಳು ಪ್ಲಗ್ಗಿನಿಂದ ಹೊರಟು ಆ ತಂತಿಯ ಮೇಲೆಯೇ ನಡೆದು ಬಂದಿದ್ದವು. ಈಗ ಬ್ಯಾಟರಿಯ ದೀಪದ ಸರ ಕಟ್ಟುತ್ತೇನೆ.

ಇಷ್ಟೆಲ್ಲ ಮಾಡಿಯೂ ಕೆಲವು ಬಿಸ್ಕತ್ತು ಮೆತ್ತಗಾದರೆ, ಐಸಿಂಗ್ ಇಲ್ಲದವನ್ನು 120 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟು ತಣಿಸಿದರೆ ಮತ್ತೆ ಗರಿಗರಿಯಾಗುತ್ತವೆ. ಐಸಿಂಗ್ ಬರೆದವನ್ನು ಪುಡಿ ಮಾಡಿ ಕಸ್ಟರ್ಡಿನ ತಳಕ್ಕೆ ಹಾಕಿಬಿಡಿ, ಒಣಶುಂಠಿಯ ಘಮ ಅದಕ್ಕೆ ಚೆನ್ನಾಗಿ ಹೊಂದುತ್ತದೆ.